ನಿನ್ನೆ ಕುಣಿದ ಮೊಲ ಇವತ್ತು ತಣ್ಣಗೆ!

ದಾವಣಗೆರೆ: ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ಹಟಮಾರಿಗಳಿಗಾಗಿ ಹುಟ್ಟಿದ್ದು. ನಗರದ ಓಣಿ ಓಣಿಗಳಲ್ಲಿ ಮಕ್ಕಳು ಮುದ್ದಿನಿಂದ ಸಾಕುವ ಮೊಲಗಳಿಗೆ ಕಾಲೇನೋ ನಾಲ್ಕೂ ಇವೆ, ಆಯುಷ್ಯ ಮಾತ್ರ ಇಲ್ಲ! ಸರಿಯಾಗಿ ನೋಡಿಕೊಂಡರೆ 8ರಿಂದ 12 ವರ್ಷ ಬಾಳಬೇಕಾದ ಜೀವ ಎಷ್ಟೋ ಮನೆಗಳಲ್ಲಿ ಒಂದು ದೀಪಾವಳಿಯಿಂದ ಇನ್ನೊಂದು ದೀಪಾವಳಿಯನ್ನೂ ಕಾಣದೆ ಹಿತ್ತಲಿನ ಮಣ್ಣು ಸೇರುತ್ತದೆ.

ಏನಾಗಿತ್ತು ಎಂದು ಕೇಳಿ ನೋಡಿ. ಎಲ್ಲ ಮನೆಯಲ್ಲೂ ಒಂದೇ ಉತ್ತರ. "ಏನೂ ಆಗಿರ್ಲಿಲ್ಲ ರೀ. ನಿನ್ನೆ ಸಂಜೆ ತನಕ ಕುಣೀತಾ ಇತ್ತು. ಬೆಳಿಗ್ಗೆ ಎದ್ದು ನೋಡಿದ್ರೆ ತಣ್ಣಗಾಗಿತ್ತು."

ಏನೂ ಆಗದೆ ಜೀವ ಹೋಗುತ್ತದೆಯೆ? ಹೋಗುವುದಿಲ್ಲ. ಆಗಿರುತ್ತದೆ. ನಮ್ಮ ಕಣ್ಣಿಗೆ ಬಿದ್ದಿರುವುದಿಲ್ಲ, ಅಷ್ಟೆ.

ಬೆಣ್ಣೆ ಎಂಬ ಮೊಲದ ಕಥೆ

ಹಳೇಪೇಟೆ ಕಡೆಯ ಒಂದು ಮನೆಯನ್ನೇ ತೆಗೆದುಕೊಳ್ಳಿ. ಹೆಸರು ಬೇಡ, ಇಂಥ ಮನೆ ಓಣಿಗೊಂದು ಸಿಗುತ್ತದೆ. ಮನೆಯ ಯಜಮಾನರಿಗೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಆರನೇ ಕ್ಲಾಸಿನ ಮಗಳ ಹಟಕ್ಕೆ ಸೋತು ಜಾತ್ರೆಯಲ್ಲಿ ಒಂದು ಜೋಡಿ ಮೊಲ ತಂದರು. ಬಿಳಿಯದಕ್ಕೆ ಹುಡುಗಿ 'ಬೆಣ್ಣೆ' ಅಂತ ಹೆಸರಿಟ್ಟಳು. ದಾವಣಗೆರೆಯ ಹುಡುಗಿ ಬೇರೆ ಯಾವ ಹೆಸರಿಟ್ಟಾಳು? ಇನ್ನೊಂದು ಕಪ್ಪು, ಅದು 'ಕರಿಯ'.

ಮನೆಯಲ್ಲಿ ಮಂಡಕ್ಕಿಗೆ ಬರವಿಲ್ಲ. ಬೆಣ್ಣೆಗೂ ಕರಿಯನಿಗೂ ಬೆಳಿಗ್ಗೆ ಮಂಡಕ್ಕಿ, ಮಧ್ಯಾಹ್ನ ಅನ್ನ, ಸಂಜೆ ಹುಡುಗಿಯ ಕೈಯಿಂದ ಬಿಸ್ಕತ್ತು, ಕ್ಯಾರೆಟ್. ಚಿತ್ರದಲ್ಲಿ ಮೊಲದ ಕೈಗೆ ಕ್ಯಾರೆಟ್ ಕೊಟ್ಟಿರುತ್ತಾರಲ್ಲ, ಅದನ್ನು ನಂಬಿದವರು ಈ ಮನೆಯವರೊಬ್ಬರೇ ಅಲ್ಲ. ಹುಲ್ಲು? "ಹುಲ್ಲು ಎಲ್ಲಿಂದ ತರೋದು ಸ್ವಾಮಿ, ಇದೇನು ದನಾನೇ?"

ಒಂದು ಮಂಗಳವಾರ ಸಂಜೆ ಬೆಣ್ಣೆ ಕ್ಯಾರೆಟ್ ಮೂಸಿ ಬಿಟ್ಟಿತು. "ಹೊಟ್ಟೆ ತುಂಬಿರ್ಬೇಕು ಬಿಡವ್ವಾ" ಅಂದರು ಅಜ್ಜಿ. ರಾತ್ರಿ ಮೂಲೆಯಲ್ಲಿ ಮುದುಡಿ ಕೂತಿತ್ತು. "ನಿದ್ದೆ ಬಂದಿರ್ಬೇಕು." ಬುಧವಾರ ಬೆಳಿಗ್ಗೆ ಗೂಡಿನ ಅದರ ಮೂಲೆಯಲ್ಲಿ ಒಂದೂ ಹಿಕ್ಕೆ ಇರಲಿಲ್ಲ. "ಒಳ್ಳೇದೇ ಆಯ್ತು, ಗುಡಿಸೋ ಕೆಲಸ ಉಳೀತು." ಹಲ್ಲು ಕಟಕಟ ಕಡಿಯುವ ಸದ್ದು ಕೇಳಿದ ಹುಡುಗಿ ಮಾತ್ರ, "ಅಪ್ಪಾಜಿ, ಏನೋ ಆಗೈತೆ ಇದಕ್ಕೆ" ಅಂದಳು. ಅಪ್ಪಾಜಿಗೆ ಭಟ್ಟಿಗೆ ಹೊತ್ತಾಗಿತ್ತು. ಔಷಧಿ ಅಂಗಡಿಯಿಂದ ಮನುಷ್ಯರ ಮಾತ್ರೆಯೊಂದನ್ನು ತಂದು, ಅರ್ಧ ಮುರಿದು, ನೀರಲ್ಲಿ ಕದಡಿ ಕುಡಿಸಿದ್ದಾಯಿತು.

ಮಧ್ಯಾಹ್ನ ಮಗಳು ಶಾಲೆ ಬಿಟ್ಟು ಬಂದವಳೇ ಮೊಲವನ್ನು ಚೀಲದಲ್ಲಿಟ್ಟುಕೊಂಡು ಅಜ್ಜಿಯ ಜೊತೆ ಪಶು ಆಸ್ಪತ್ರೆಗೆ ಹೋದಳು. ಅಲ್ಲಿ ಹಸು, ಎಮ್ಮೆ, ಕುರಿಗಳ ಸಾಲು. ಡಾಕ್ಟರು ಒಳ್ಳೆಯವರು, ಹುಡುಗಿಯ ಮುಖ ನೋಡಿ ಬೇಗ ಕರೆದರು. ಹೊಟ್ಟೆ ಮುಟ್ಟಿ ನೋಡಿ, ಕಿವಿ ಮುಟ್ಟಿ ನೋಡಿ, "ನಿನ್ನೆ ಸಂಜೇನೇ ತರ್ಬೇಕಿತ್ತಲ್ಲಮ್ಮಾ" ಅಂದರು. ಇಂಜೆಕ್ಷನ್ ಕೊಟ್ಟರು. ಆ ರಾತ್ರಿಯೇ ಬೆಣ್ಣೆ ಕಣ್ಣು ಮುಚ್ಚಿತು.

ಒಂದು ದಿನ ಮೊದಲು ಎಂಬ ಆ ಒಂದು ಮಾತಿನಲ್ಲೇ ಎಲ್ಲವೂ ಇದೆ.

ನೋವು ಮುಚ್ಚಿಡುವ ಪ್ರಾಣಿ

ನಾಯಿಗೆ ನೋವಾದರೆ ಕುಂಯ್‌ಗುಡುತ್ತದೆ. ಹಸು ಅಂಬಾ ಅನ್ನುತ್ತದೆ. ಮೊಲ ಮಾತ್ರ ಸುಮ್ಮನಿರುತ್ತದೆ. ಅದು ಬೇಟೆಗೆ ಸಿಕ್ಕುವ ಜಾತಿಯ ಪ್ರಾಣಿ. ಕಾಡಿನಲ್ಲಿ ಕುಂಟುವ ಮೊಲವನ್ನು, ನರಳುವ ಮೊಲವನ್ನು ನರಿ ಮೊದಲು ಹಿಡಿಯುತ್ತದೆ. ಹಾಗಾಗಿ ಸೋತದ್ದನ್ನು ತೋರಿಸಬಾರದು ಎಂಬುದು ಅದರ ರಕ್ತದಲ್ಲೇ ಬಂದ ಪಾಠ. ಅದು "ನನಗೆ ಆಗ್ತಾ ಇಲ್ಲ" ಎಂದು ತೋರಿಸುವ ಹೊತ್ತಿಗೆ ಕಾಯಿಲೆ ಮುಕ್ಕಾಲು ದಾರಿ ನಡೆದಿರುತ್ತದೆ.

ಹೊಟ್ಟೆಯ ವಿಷಯವೂ ಹಾಗೆಯೇ. ಮೊಲದ ಕರುಳು ನಿಲ್ಲದೆ ತಿರುಗಬೇಕಾದ ಗಿರಣಿಯಂತೆ. ನಾರು ಬೀಳುತ್ತಿರುವ ತನಕ ಅದು ಓಡುತ್ತದೆ. ಹುಲ್ಲಿನ ನಾರು ಕಡಿಮೆಯಾಗಿ ಮಂಡಕ್ಕಿ, ಅನ್ನ, ಬಿಸ್ಕತ್ತಿನ ಹಿಟ್ಟು ಹೆಚ್ಚಾದರೆ ಕರುಳಿನ ಚಲನೆ ನಿಧಾನವಾಗುತ್ತದೆ. ಒಳಗಿನ ಒಳ್ಳೆಯ ಸೂಕ್ಷ್ಮಜೀವಿಗಳು ಕುಗ್ಗಿ, ಗಾಳಿ ತುಂಬಿಸುವ, ವಿಷ ಉಗುಳುವ ಜೀವಿಗಳು ಮೇಲುಗೈ ಪಡೆಯುತ್ತವೆ. ಹೊಟ್ಟೆ ನೋಯುತ್ತದೆ, ನೋವಿಗೆ ತಿನ್ನುವುದು ನಿಲ್ಲುತ್ತದೆ, ತಿನ್ನದಿದ್ದರೆ ಕರುಳು ಇನ್ನಷ್ಟು ನಿಲ್ಲುತ್ತದೆ. ಇದೊಂದು ಸುಳಿ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯಿಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಹೋಗಬೇಕು.

ಆದ್ದರಿಂದಲೇ ಮೊಲ ಬಲ್ಲ ಪಶುವೈದ್ಯರು ಗಡಿಯಾರ ನೋಡಿ ಲೆಕ್ಕ ಹಾಕುತ್ತಾರೆ. 10-12 ತಾಸು ತಿಂದಿಲ್ಲ, ಹಿಕ್ಕೆ ಹಾಕಿಲ್ಲ ಎಂದರೆ ಅದು "ನಾಳೆ ನೋಡೋಣ" ಅನ್ನುವ ಕಾಯಿಲೆಯಲ್ಲ. ಆ ತಾಸಿಗೇ ಹೊರಡಬೇಕಾದ ಕಾಯಿಲೆ. ಬೆಣ್ಣೆಯ ಮನೆಯಲ್ಲಿ ಸಂಜೆಯಿಂದ ಮರುದಿನ ಮಧ್ಯಾಹ್ನದ ತನಕ ಎಷ್ಟು ತಾಸು ಕಳೆದವು, ಲೆಕ್ಕ ಹಾಕಿ ನೋಡಿ.

ಗೂಡಿನಲ್ಲಿ ಹಿಕ್ಕೆ ಕಾಣದಿದ್ದರೆ ಗುಡಿಸುವ ಕೆಲಸ ಉಳಿಯಿತು ಎಂದು ಸಂತೋಷಪಡುವವರು ಇದನ್ನು ಗಮನಿಸಬೇಕು. ದುಂಡಗಿನ, ಒಣಗಿದ, ಒಂದೇ ಗಾತ್ರದ ಹಿಕ್ಕೆ ಮೊಲದ ಆರೋಗ್ಯದ ಚೀಟಿ. ಹಿಕ್ಕೆ ಸಣ್ಣದಾಗುತ್ತ ಬಂದರೆ, ಕಡಿಮೆಯಾದರೆ, ನೂಲಿನಲ್ಲಿ ಪೋಣಿಸಿದಂತೆ ಕೂದಲಿಗೆ ಅಂಟಿಕೊಂಡು ಬಂದರೆ ಎಚ್ಚರ. ಇನ್ನೊಂದು ಮಾತು: ಮೊಲ ಮೆತ್ತಗಿನ, ದ್ರಾಕ್ಷಿ ಗೊಂಚಲಿನಂಥ ಇನ್ನೊಂದು ಬಗೆಯ ಹಿಕ್ಕೆಯನ್ನು ರಾತ್ರಿಯಲ್ಲೋ ಬೆಳಗಿನ ಜಾವದಲ್ಲೋ ನೇರ ಬಾಯಿಗೆ ತೆಗೆದುಕೊಂಡು ತಿನ್ನುತ್ತದೆ. "ಛೀ, ಹೊಲಸು" ಎಂದು ಮಕ್ಕಳು ಬೈದು ಹೊಡೆಯುವುದುಂಟು. ಹೊಲಸಲ್ಲ. ಹಸು ಮೆಲುಕು ಹಾಕಿದಂತೆ ಮೊಲದ ಮೆಲುಕು ಅದು. ಅದರಿಂದಲೇ ಅದಕ್ಕೆ ಬೇಕಾದ ಜೀವಸತ್ವ ಸಿಗುವುದು.

ಮಾತ್ರೆಯೇ ಮೃತ್ಯು

ಇನ್ನು ಆ ಅರ್ಧ ಮಾತ್ರೆಯ ವಿಚಾರ. ಮನುಷ್ಯರಿಗೆ, ನಾಯಿಗೆ ಸಲೀಸಾಗಿ ಕೊಡುವ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಜಾತಿಯ ಔಷಧಗಳನ್ನು ಮೊಲದ ಬಾಯಿಗೆ ಹಾಕಿದರೆ ಅವು ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನೇ ಕೊಂದುಬಿಡುತ್ತವೆ. ಉಳಿಯುವುದು ವಿಷಕಾರಿಗಳು. ಭೇದಿ ಹತ್ತಿ ಕೆಲವೇ ದಿನಗಳಲ್ಲಿ ಮೊಲ ಸಾಯಬಹುದು. ನಾಯಿಯ ಉಣ್ಣೆಗೆ ಹಚ್ಚುವ ಫಿಪ್ರೊನಿಲ್ ಎಂಬ ಔಷಧವೂ ಮೊಲಕ್ಕೆ ವಿಷ. ಕಾಯಿಲೆಯಿಂದ ಉಳಿಯಬಹುದಾಗಿದ್ದ ಮೊಲವನ್ನು ಪ್ರೀತಿಯಿಂದಲೇ ಕೊಲ್ಲುವುದು ಎಂದರೆ ಇದೇ.

ಹೊಟ್ಟೆಯ ಕಾಯಿಲೆಯೊಂದೇ ಅಲ್ಲ. ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತದೆ; ಮುಂದಿನ ಹಲ್ಲು ವರ್ಷಕ್ಕೆ 10 ಸೆಂಟಿಮೀಟರಿನಷ್ಟು ಬೆಳೆಯುವುದುಂಟು. ಹುಲ್ಲು ಅರೆದರೆ ತಾನೇ ಸವೆಯುತ್ತದೆ. ಮೆತ್ತಗಿನ ಅನ್ನ ತಿಂದರೆ ಸವೆಯದೆ ದವಡೆಗೆ, ನಾಲಿಗೆಗೆ ಚುಚ್ಚುತ್ತದೆ. ಹಸಿವಿದ್ದರೂ ತಿನ್ನಲಾರದೆ ಮೊಲ ಸೊರಗುತ್ತದೆ. ಮೂಗು ಸೋರಿ, ಸೀನಿ, ಮುಂಗಾಲಿನ ಕೂದಲು ಅಂಟಂಟಾಗಿದ್ದರೆ ಅದು ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾದ ಹಾವಳಿ ಇರಬಹುದು. ಶೀತವೆಂದು ಬಿಟ್ಟರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕಿವಿಯೊಳಗೆ ಗಟ್ಟಿ ಹಕ್ಕಳೆ ಕಟ್ಟಿದ್ದರೆ ಕಜ್ಜಿಯ ಹುಳ. ಮರಿಗಳು ಹೊಟ್ಟೆ ಉಬ್ಬಿ, ಭೇದಿಯಾಗಿ ಸಾಲುಸಾಲಾಗಿ ಸತ್ತರೆ ಕಾಕ್ಸಿಡಿಯಾ ಎಂಬ ಪರೋಪಜೀವಿಯನ್ನು ಅನುಮಾನಿಸಬೇಕು. ಇವುಗಳಲ್ಲಿ ಹೆಚ್ಚಿನವಕ್ಕೆ ಔಷಧ ಉಂಟು. ಆದರೆ ವೈದ್ಯರು ನೋಡಿ ಕೊಡಬೇಕು, ಅಂಗಡಿಯವರು ಊಹಿಸಿ ಕೊಡುವುದಲ್ಲ.

ತಗಡಿನ ಕೆಳಗಿನ ಬೇಸಿಗೆ

ಇನ್ನು ನಮ್ಮೂರ ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ ಮನುಷ್ಯರೇ ಬೇಯುತ್ತಾರೆ. ಮೊಲದ ಮೈಗೆ ಉಣ್ಣೆಯಂಥ ಕೂದಲು. ಬೆವರಿ ತಣ್ಣಗಾಗುವ ಅನುಕೂಲ ಅದಕ್ಕಿಲ್ಲ. ಮೈಯ ಕಾವನ್ನು ಉದ್ದ ಕಿವಿಗಳ ಮೂಲಕವೇ ಹೊರಹಾಕಬೇಕು. ಹವೆ 30 ಡಿಗ್ರಿ ದಾಟಿತೆಂದರೆ ಅದಕ್ಕೆ ಕಷ್ಟ ಶುರು. ಅಂಥದ್ದರಲ್ಲಿ ಜಾಲರಿಯ ಗೂಡನ್ನು ಮಾಳಿಗೆಯ ಮೇಲಿಟ್ಟು, "ಗಾಳಿ ಆಡ್ಲಿ ಅಂತ" ಎನ್ನುವವರಿಗೆ ಏನು ಹೇಳುವುದು? ಏದುಸಿರು ಬಿಡುತ್ತ, ಕಿವಿ ಕೆಂಪಾಗಿ ಸುಡುತ್ತ, ಮೈಚಾಚಿ ಬಿದ್ದಿದ್ದರೆ ನೆರಳಿಗೆ ತರಬೇಕು. ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ಕಿವಿ ಒರೆಸಬೇಕು. ಬಕೆಟ್ಟಿನಲ್ಲಿ ಮುಳುಗಿಸುವುದು, ಮಂಜುಗಡ್ಡೆ ಸುರಿಯುವುದು ಬೇಡ; ಆ ಗಾಬರಿಗೇ ಎದೆ ನಿಲ್ಲಬಹುದು. ನೀರು ತುಂಬಿದ ಬಾಟಲಿಯನ್ನು ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿ, ಬಟ್ಟೆ ಸುತ್ತಿ ಗೂಡಿನಲ್ಲಿಟ್ಟರೆ ಅದಕ್ಕೆ ಒರಗಿ ಮಲಗುತ್ತದೆ. ಖರ್ಚಿಲ್ಲದ ಉಪಾಯ.

ತಿನ್ನಲು ಏನು ಕೊಡಬೇಕು? ದೊಡ್ಡ ಅಂಗಡಿಗೆ ಹೋಗಬೇಕಾಗಿಲ್ಲ. ಗಣಪತಿಗೆ ಏರಿಸುವ ಗರಿಕೆ ಮೊಲಕ್ಕೂ ಪ್ರಸಾದವೇ. ಊಟದಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ಹುಲ್ಲಿರಬೇಕು, ಹಸಿಯೋ ಒಣಗಿದ್ದೋ, ಹಗಲೂ ರಾತ್ರಿಯೂ ಬಾಯಿಗೆ ಸಿಗುವಂತೆ. ಮೇಲೆ ಒಂದು ಹಿಡಿ ಕೊತ್ತಂಬರಿ, ಮೂಲಂಗಿ ಸೊಪ್ಪು, ಚೆನ್ನಾಗಿ ತೊಳೆದು. ಕ್ಯಾರೆಟ್ ನಮ್ಮ ಮಿಠಾಯಿ ಇದ್ದಂತೆ, ಒಂದು ಚೂರು ಸಾಕು. ಮಂಡಕ್ಕಿ ನಮಗಿರಲಿ, ಮೆಣಸಿನಕಾಯಿ ಜೊತೆಗೆ.

ಹೊಲದ ಮೊಲ ಬೇರೆ

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಹೇಳಿಬಿಡುವುದು ವಾಸಿ. ಸುತ್ತಲಿನ ಹಳ್ಳಿಗಳಲ್ಲಿ ಜೋಳದ ಹೊಲ ಕೊಯ್ಯುವಾಗ ಸಿಕ್ಕ ಮರಿಯನ್ನು "ಸಾಕೋಣ" ಎಂದು ಮನೆಗೆ ತರುವುದುಂಟು. ಕನ್ನಡದಲ್ಲಿ ಎರಡಕ್ಕೂ ಮೊಲವೆಂದೇ ಹೆಸರು, ನಿಜ. ಆದರೆ ಗೂಡಿನಲ್ಲಿ ಸಾಕುವ ಮೊಲ ಯುರೋಪಿನ ಕಾಡುಮೊಲದ ಸಂತತಿ. ಹೊಲದ್ದು ನಮ್ಮ ನೆಲದ ಬೇರೆಯೇ ಜಾತಿ. ವಿಜಯನಗರದ ಜಾಗದಲ್ಲಿ ಬೇಟೆನಾಯಿಯನ್ನೇ ಎದುರಿಸಿ ನಿಂತಿತೆಂದು ಕಥೆ ಹೇಳುತ್ತಾರಲ್ಲ, ಆ ವಂಶದ್ದು! ಅದು ಗೂಡಿಗೆ ಒಗ್ಗುವುದಿಲ್ಲ, ಭಯಕ್ಕೇ ಸಾಯುತ್ತದೆ. ಜೊತೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದು, ಸಾಕುವುದು ಅಪರಾಧ. ಸಿಕ್ಕ ಮರಿಯನ್ನು ಸಿಕ್ಕ ಜಾಗದಲ್ಲೇ ಬಿಟ್ಟರೆ ತಾಯಿ ಬರುತ್ತದೆ.

'ಒಂದು ಮೊಲ ತಾನೇ?'

ಬೆಣ್ಣೆ ಸತ್ತ ಮನೆಗೆ ಬಂದವರು ಆಡಿದ ಮಾತು ಇದು. "ಒಂದ್ ಮೊಲಕ್ಕೆ ಇಷ್ಟು ಅಳೋದೇನವ್ವಾ? ಮುಂದಿನ ಜಾತ್ರೇಲಿ ಇನ್ನೊಂದು ತಂದ್ರಾಯ್ತು." ಹುಡುಗಿ ಎರಡು ದಿನ ಊಟ ಬಿಟ್ಟಳು. ಶಾಲೆಯಲ್ಲಿ ಗೆಳತಿಯರು ನಕ್ಕರು. ಮನೆಯವರಿಗೆ ನಾಚಿಕೆ.

ನಾಚಿಕೆ ಯಾಕೆ? ಒಂದು ವರ್ಷ ದಿನಾ ಬೆಳಿಗ್ಗೆ ಎದ್ದು ಮೊದಲು ಗೂಡಿನ ಬಾಗಿಲು ತೆಗೆದವಳು ಅವಳು. ನೀರು ಬದಲಿಸಿದವಳು ಅವಳು. ಕಾಯಿಲೆಯನ್ನು ಮನೆಯಲ್ಲಿ ಮೊದಲು ಗುರುತಿಸಿದವಳೂ ಅವಳೇ! ದೊಡ್ಡವರು ಅವಳ ಮಾತು ಕೇಳಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ. ಅವಳ ಅಳುವಿನಲ್ಲಿ ದುಃಖದ ಜೊತೆಗೆ ಈ ಸಂಕಟವೂ ಇದೆ. ಅದನ್ನು "ಚಿಕ್ಕ ಹುಡುಗಿ, ಮರೀತಾಳೆ" ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಒಂದು ಮೊಲ ತಾನೇ ಎನ್ನುವವರಿಗೆ ಇನ್ನೊಂದು ಸಂಗತಿ ಗೊತ್ತಿರಲಿ. 1885ರ ಜುಲೈಯಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಹುಚ್ಚುನಾಯಿ ಕಡಿದ ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಚುಚ್ಚುಮದ್ದು ಕೊಟ್ಟು ಉಳಿಸಿದ. ಆ ಮದ್ದು ತಯಾರಾದದ್ದು ಮೊಲಗಳ ಬೆನ್ನುಹುರಿಯಿಂದ. ಅಂದಿನಿಂದ ಹುಚ್ಚುನಾಯಿ ಕಡಿತದಿಂದ ಉಳಿದ ಮಕ್ಕಳ ಲೆಕ್ಕದಲ್ಲಿ ಮೊಲದ ಋಣ ಇದೆ.

ಸಾವಿನ ವಿಷಯವನ್ನು ಮಕ್ಕಳಿಂದ ಮುಚ್ಚಿಡುವುದೂ ಸರಿಯಲ್ಲ. "ಓಡಿಹೋಯ್ತು" ಎಂದರೆ ಮಗು ಓಣಿ ಓಣಿ ಹುಡುಕುತ್ತದೆ. ಸತ್ತಿದೆ ಎಂದೇ ಹೇಳಿ, ಹಿತ್ತಲಲ್ಲಿ ನಾಯಿ ಕೆದಕದಷ್ಟು ಆಳವಾಗಿ, ಒಂದು ಮೂರು ಅಡಿಯಾದರೂ ಗುಂಡಿ ತೋಡಿ, ಸುಣ್ಣ ಹಾಕಿ ಹೂಳುವಾಗ ಮಗುವೂ ಒಂದು ಹಿಡಿ ಮಣ್ಣು ಹಾಕಲಿ. ಚರಂಡಿಗೋ ಕಸದ ತೊಟ್ಟಿಗೋ ಎಸೆಯುವುದು ಸತ್ತ ಪ್ರಾಣಿಗೂ ಅವಮಾನ, ಓಣಿಗೂ ರೋಗ.

ಉಳಿದ ಜೊತೆಗಾರನನ್ನು ನೋಡಿ

ಗದ್ದಲದಲ್ಲಿ ಎಲ್ಲರೂ ಮರೆಯುವುದು ಗೂಡಿನಲ್ಲಿ ಉಳಿದ ಇನ್ನೊಂದನ್ನು. ಮೊಲ ಗುಂಪಿನ ಪ್ರಾಣಿ. ಜೊತೆಗೆ ಬೆಳೆದದ್ದು ಕಾಣೆಯಾದರೆ ಮಂಕಾಗುತ್ತದೆ, ಹುಡುಕುತ್ತದೆ, ಕೆಲವು ಸಲ ತಿನ್ನುವುದನ್ನೇ ಬಿಡುತ್ತದೆ. ತಿನ್ನುವುದು ಬಿಟ್ಟರೆ ಏನಾಗುತ್ತದೆಂದು ಈಗಾಗಲೇ ನೋಡಿದ್ದೇವಲ್ಲ! ಅಂಟುರೋಗದ ಅನುಮಾನವಿಲ್ಲದಿದ್ದರೆ ಸತ್ತ ಜೊತೆಗಾರನನ್ನು ಸ್ವಲ್ಪ ಹೊತ್ತು ಅದರ ಬಳಿ ಬಿಡುವುದು ಒಳ್ಳೆಯದೆಂದು ಮೊಲ ಸಾಕಿ ಬಲ್ಲವರು ಹೇಳುತ್ತಾರೆ. ಮೂಸುತ್ತದೆ, ಪಕ್ಕದಲ್ಲಿ ಕೂರುತ್ತದೆ, ಆಮೇಲೆ ತಾನೇ ದೂರ ಸರಿಯುತ್ತದೆ.

ಕರಿಯನೂ ಗುರುವಾರ ಮಂಡಕ್ಕಿ ಮುಟ್ಟಲಿಲ್ಲ. ಈ ಸಲ ಯಾರೂ "ಹೊಟ್ಟೆ ತುಂಬಿರ್ಬೇಕು" ಅನ್ನಲಿಲ್ಲ. ಮಧ್ಯಾಹ್ನದೊಳಗೆ ಡಾಕ್ಟರ ಮುಂದೆ ಇತ್ತು. ಅಪ್ಪಾಜಿ ಭಟ್ಟಿಗೆ ರಜೆ ಹಾಕಿ ಒಂದು ಮೂಟೆ ಗರಿಕೆ ಕಿತ್ತು ತಂದರು. ಶನಿವಾರ ಬೆಳಿಗ್ಗೆ ಗೂಡಿನಲ್ಲಿ ಹಿಕ್ಕೆ ಬಿದ್ದಿತ್ತು. ಹಿಕ್ಕೆ ನೋಡಿ ಒಂದು ಮನೆ ಸಂತೋಷಪಟ್ಟದ್ದು ಈ ಊರಿನಲ್ಲಿ ಅದೇ ಮೊದಲಿರಬೇಕು!

ಸಂಬಂಧಪಟ್ಟವರು ಗಮನಿಸಲಿ

ತಪ್ಪೆಲ್ಲ ಸಾಕುವವರದೇ ಎಂದು ಕೈತೊಳೆದುಕೊಳ್ಳುವಂತಿಲ್ಲ. ಮೊಲ ಮಾರುವವರು ಅದು ಏನು ತಿನ್ನುತ್ತದೆಂದು ಒಂದು ಮಾತು ಹೇಳುತ್ತಾರೆಯೆ? ತಾಯಿಯ ಹಾಲು ಬಿಡದ ಮರಿಗಳನ್ನು, ಚಿಕ್ಕದಿದ್ದಷ್ಟೂ ಮುದ್ದು ಎಂದು, ಸಂತೆಯ ಬಿಸಿಲಿನಲ್ಲಿ ಬುಟ್ಟಿಯಲ್ಲಿಟ್ಟು ಮಾರುತ್ತಾರೆ. ಎಂಟು ವಾರ ತುಂಬದ ಮರಿ ಕೊಳ್ಳುವುದೆಂದರೆ ಸಾವನ್ನು ಕೊಂಡು ತಂದಂತೆ. ಸಾಕುಪ್ರಾಣಿ ಮಾರುವ ಅಂಗಡಿಗಳು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು ಎಂಬ ನಿಯಮ 2018ರಲ್ಲೇ ಬಂದಿದೆ. ಸಂತೆಯ ಬುಟ್ಟಿಗೆ ಅದು ಯಾವಾಗ ತಲುಪುತ್ತದೆ?

ಪಶುಪಾಲನಾ ಇಲಾಖೆಯ ಡಾಕ್ಟರಿಗೆ ಹಸು-ಕುರಿಯೇ ಮೊದಲು, ಇರಲಿ. ರೈತನ ಹೊಟ್ಟೆ ಅದರಲ್ಲಿದೆ. ಆದರೆ ಸಾಕುಪ್ರಾಣಿಗೆಂದು ವಾರದಲ್ಲಿ ಒಂದು ಮಧ್ಯಾಹ್ನವನ್ನಾದರೂ ಗೊತ್ತು ಮಾಡಿ ಬೋರ್ಡು ಹಾಕುವುದು ಕಷ್ಟದ ಕೆಲಸವೇನಲ್ಲ. ಪಕ್ಕದ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಅಲ್ಲಿಯವರನ್ನು ಕರೆಸಿ ಶಾಲೆಗಳಲ್ಲಿ ಒಂದು ಗಂಟೆ ಮಾತಾಡಿಸಿದರೆ ನೂರು ಮನೆಗೆ ತಿಳಿವಳಿಕೆ ಹೋಗುತ್ತದೆ.

ಅಲ್ಲಿಯ ತನಕ ಗೂಡಿನ ಮೇಲೆ ಒಂದು ಚೀಟಿ ಅಂಟಿಸಿಕೊಂಡರೂ ಸಾಕು. ತಿಂದಿತೆ? ಹಿಕ್ಕೆ ಹಾಕಿತೆ? ಕಿವಿ ತೀರಾ ತಣ್ಣಗೂ ಸುಡುಬಿಸಿಯೂ ಆಗದೆ ಬೆಚ್ಚಗಿದೆಯೆ? ದಿನಕ್ಕೆರಡು ಸಲ ಈ ಮೂರು ಪ್ರಶ್ನೆ. ಯಾವುದಾದರೂ ಒಂದಕ್ಕೆ 'ಇಲ್ಲ' ಎಂಬ ಉತ್ತರ ಬಂದರೆ ಮಾತ್ರೆ ಅಂಗಡಿಯ ದಾರಿ ಬಿಟ್ಟು ಪಶು ಆಸ್ಪತ್ರೆಯ ದಾರಿ ಹಿಡಿಯಬೇಕು, ಅವತ್ತೇ. ಮನೆಯ ಮಗು "ಏನೋ ಆಗೈತೆ ಇದಕ್ಕೆ" ಅಂದರೆ ಅದನ್ನೂ ಕೇಳಿಸಿಕೊಳ್ಳಬೇಕು.